ತುಂಗಕ್ಕನ ಕೆಂಪು ಕವಳಿ

ಈ ಸಲದ ದೀಪಾವಳಿಗೆ ಕನ್ನಡ ಕೂಟದ ಊಟದಲ್ಲಿ ಪಕ್ಕ ಕೂತಿದ್ದ ಹುಡುಗಿಯೊಬ್ಬಳು ತನಗೆ ಗಿಡಗಳ ನರ್ಸರಿಯೊಂದರಲ್ಲಿ ಕೆಲಸ ಸಿಕ್ಕಿದೆ ಎಂದಳು. "ಅಂಕಲ್, ನೀವು ಅಷ್ಟು ವರ್ಷ ಅದೇ ಕೆಲಸ ಮಾಡಿದ್ರಂತೆ. ಹೇಗಿರತ್ತೆ?" ಎಂದು ಕೇಳಿದಳು. ನನ್ನ ಬಾಯಲ್ಲಿ ಹೋಳಿಗೆ ಇತ್ತು. "ಬೆನ್ನು ನೋಯತ್ತಮ್ಮ" ಎಂದುಬಿಟ್ಟೆ.

ಮನೆಗೆ ಬಂದ ಮೇಲೆ ಶುರುವಾಯಿತು. ಪಾಪ, ಹುಡುಗಿ ಹೆದರಿ ಕೆಲಸಕ್ಕೇ ಹೋಗದಿದ್ದರೆ? ಗಿಡ ಎಂದರೆ ಬೆನ್ನುನೋವು ಎಂದು ಜೀವಮಾನವೆಲ್ಲ ತಿಳಿದುಕೊಂಡರೆ? ನನ್ನ ಹೆಂಡತಿ ನಳಿನಿ ನಾಲ್ಕು ದಿನ ಕೇಳಿ, ಐದನೆಯ ದಿನ, "ಅವಳು ನಿಮ್ಮನ್ನ ಮರೆತೂ ಆಗಿದೆ. ನಿಮಗೆ ಅಷ್ಟು ಕಷ್ಟ ಆದ್ರೆ ಬರೆದು ಕೊಡಿ" ಎಂದಳು. ಹಾಗಾಗಿ ಬರೆಯುತ್ತಿದ್ದೇನೆ. ಬೆನ್ನು ನೋಯುತ್ತದೆ, ಅದು ಸುಳ್ಳಲ್ಲ. ಮಿಕ್ಕದ್ದೂ ಇದೆ.

ನಾನು ಮೈಸೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದವನು. ನಳಿನಿ ಡಾಕ್ಟರು. ಅವಳಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಅವಳು ಬಂದಳು. ನಾನು ಅವಳ ಸೂಟ್‌ಕೇಸುಗಳ ಜೊತೆ ಬಂದೆ. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ, ಫಾಸ್ಟರ್ ಸಿಟಿಯಲ್ಲಿ ಮನೆ ಮಾಡಿದೆವು. ಕೂಟದಲ್ಲಿ ಇದ್ದವರೆಲ್ಲ ಎಂಜಿನಿಯರುಗಳು. "ನೀವು ಯಾವ ಕಂಪನಿ ಸಾರ್?" ಎಂದು ಕೇಳುವರು. "ಗೊಬ್ಬರ" ಎನ್ನುತ್ತಿದ್ದೆ. "ಓ, ಕೆಮಿಕಲ್ಸಾ!" ಎಂದು ಗೌರವದಿಂದ ತಲೆಯಾಡಿಸುವರು. ನಾನು ತಿದ್ದಲು ಹೋಗುತ್ತಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ನರ್ಸರಿ ಇದ್ದದ್ದು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಗುಡ್ಡದ ಓರೆಯಲ್ಲಿ. ಬೆಳಗ್ಗೆ ಹೋದರೆ ಮಂಜಿನಲ್ಲಿ ಗೇಟೇ ಕಾಣುತ್ತಿರಲಿಲ್ಲ. ಒದ್ದೆ ಮರದ ಹೊಟ್ಟಿನ ವಾಸನೆ ಹಿಡಿದು ಒಳಗೆ ಹೋಗಬೇಕು. ಆ ವಾಸನೆ ಈಗಲೂ ಒಮ್ಮೊಮ್ಮೆ, ಯಾರದೋ ಮನೆಯ ಮುಂದೆ ಹಾದುಹೋಗುವಾಗ ಮೂಗಿಗೆ ಬಡಿದು, ನಡೆಯುತ್ತಿದ್ದವನು ನಿಂತುಬಿಡುತ್ತೇನೆ. ಮಾಲೀಕರು ಮಿಸೆಸ್ ಮೋರಿಟಾ. ಇಲ್ಲೇ ಹುಟ್ಟಿದ ಜಪಾನೀ ಹೆಂಗಸು, ವಿಧವೆ, ಅರವತ್ತು ದಾಟಿದವರು, ಮಾತು ಬಹಳ ಕಡಿಮೆ. ಮೊದಲ ದಿನ ನನ್ನ ಕೈಗೆ ಹೋಸ್ ಪೈಪು ಕೊಟ್ಟು, "ರಾವ್, ಈ ವರ್ಷವೆಲ್ಲ ನೀರು ಮಾತ್ರ" ಎಂದರು. ನೀರು ಹಾಕುವುದನ್ನು ಕಲಿಯಲು ಒಂದು ವರ್ಷವೇ ಎಂದು ಮನಸ್ಸಿನಲ್ಲೇ ನಕ್ಕೆ. ವರ್ಷ ಕಳೆಯುವ ಹೊತ್ತಿಗೆ ನಗು ನಿಂತಿತ್ತು. ಮೇಲಿನ ಮಣ್ಣು ನೋಡಿ ನೀರು ಹಾಕಬಾರದು; ಕುಂಡ ಎತ್ತಿ ಭಾರ ನೋಡಬೇಕು. ಹುಡುಗಿಗೆ ನಾನು ಹೇಳಬೇಕಾದ ಮೊದಲ ಮಾತು ಇದೇ, ಬೆನ್ನುನೋವಿಗೆ ಕಾರಣವೂ ಇದೇ.

ನರ್ಸರಿಯ ಬಡಗಣ ತುದಿಯಲ್ಲಿ, ನೆರಳಿನಲ್ಲಿ, ಒಂದು ಬೆಂಚಿನ ಮೇಲೆ ರೆಡ್ ಕರಂಟ್ ಗಿಡಗಳಿದ್ದವು. ಚಳಿ ದೇಶದ ಪೊದೆ. ಅದರ ಹಣ್ಣು ಮೆಣಸಿನ ಕಾಳಿಗಿಂತ ತುಸು ದೊಡ್ಡದು, ದ್ರಾಕ್ಷಿಯ ಹಾಗೆ ಗೊಂಚಲು ಗೊಂಚಲಾಗಿ ಇಳಿಬೀಳುತ್ತದೆ. ಮಾಗಿದರೆ ಕೆಂಪು ಗಾಜಿನ ಮಣಿಸರ, ಬಿಸಿಲಿಗೆ ಹಿಡಿದರೆ ಒಳಗಿನ ಬೀಜ ಕಾಣುತ್ತದೆ. ಹುಳಿ ಎಂದರೆ ಹುಳಿ. ಆದರೆ ಚಳಿಗಾಲದಲ್ಲಿ ಸರಿಯಾಗಿ ಚಳಿ ತಿಂದರೆ ಮಾತ್ರ ಹಣ್ಣು ಬಿಡುತ್ತದೆ. ನಮ್ಮ ಕಡೆಯ ಚಳಿ ಅದಕ್ಕೆ ಚಳಿಯೇ ಅಲ್ಲ. ಆ ಬೆಂಚಿಗೆ ಬರುತ್ತಿದ್ದವರು ಡೆನ್ಮಾರ್ಕಿನ, ಜರ್ಮನಿಯ ಮುದುಕ ಮುದುಕಿಯರು. ಗಿಡ ಮುಟ್ಟಿ, ಎಲೆ ಉಜ್ಜಿ ಮೂಸಿ, ಅಮ್ಮನ ಹಿತ್ತಲಿನ ಕಥೆ ಹೇಳಿ, ಹಲವರು ಕೊಳ್ಳದೆಯೇ ಹೋಗುತ್ತಿದ್ದರು. ಮಿಸೆಸ್ ಮೋರಿಟಾ ಆ ಬೆಂಚನ್ನು ತೆಗೆಯಲಿಲ್ಲ.

ಆ ಬೆಂಚನ್ನು ನಾನು ಒಮ್ಮೆ ಪೂರ್ತಿ ಹಾಳುಮಾಡಿದೆ. ಮೈಸೂರಿನಲ್ಲಿ ನಮ್ಮಪ್ಪ ದಸರೆ ಮುಗಿದ ಕೂಡಲೇ ಗುಲಾಬಿ ಸವರುತ್ತಿದ್ದರು. ದಸರೆ ಬಂತು, ಕೈ ತುರಿಸಿತು. ಮಿಸೆಸ್ ಮೋರಿಟಾ ಇಲ್ಲದ ದಿನ ಅಷ್ಟೂ ಕರಂಟ್ ಗಿಡಗಳ ಬೂದು ಬಣ್ಣದ ಹಳೇ ಕೊಂಬೆ ಕತ್ತರಿಸಿ, ಹೊಳೆಯುವ ಹೊಸ ಚಿಗುರು ಉಳಿಸಿದೆ. ಇಲ್ಲಿ ಅಕ್ಟೋಬರ್ ಎಂದರೆ ಎರಡನೆಯ ಬೇಸಿಗೆ. ಒಂದು ವಾರ ಬಿಸಿಲು ಕಾಯ್ದದ್ದೇ ಉಳಿದ ಮೊಗ್ಗುಗಳೆಲ್ಲ ಒಡೆದು ಎಲೆ ಬಂತು. ಅವರು ಬಂದು ಬೆಂಚಿನ ಮುಂದೆ ನಿಂತರು. ಕೂಗಾಡಲಿಲ್ಲ.

"ರಾವ್, ಇವು ಮಲಗೋ ಹೊತ್ತು. ನೀನು ಎಬ್ಬಿಸಿ ಕೂರಿಸಿದ್ದೀಯ" ಎಂದರು. ಆಮೇಲೆ ನೆಲದಿಂದ ಒಂದು ಬೂದು ಕೊಂಬೆ ಎತ್ತಿ, ಅದರ ಮೇಲಿನ ಗಂಟುಗಳನ್ನು ಬೆರಳಿನಿಂದ ತೋರಿಸಿದರು. "ಹಣ್ಣು ಬರೋದು ಇಲ್ಲಿ. ಹಳೇದರ ಮೇಲೆ."

ಆಗ ನನಗೆ ನಲವತ್ತೈದು ದಾಟಿತ್ತು. ಆ ಮಾತು ಸುಮ್ಮನೆ ಸಮಾಧಾನ ಕೊಟ್ಟಿತು.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಮೊದಲೆಲ್ಲ ಜನವರಿಯಲ್ಲಿ ಗಿಡಗಳು ಮಣ್ಣಿಲ್ಲದೆ ಬರಿಯ ಬೇರಿನಲ್ಲಿ ಬರುತ್ತಿದ್ದವು. ಒದ್ದೆ ಹೊಟ್ಟಿನಲ್ಲಿ ಹೂತಿಟ್ಟು, ಗಿರಾಕಿ ಬಂದಾಗ ಕಿತ್ತು, ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದೆವು. ಆಮೇಲೆ ಪ್ಲಾಸ್ಟಿಕ್ ಡಬ್ಬಿಗಳು ಬಂದವು, ವರ್ಷವಿಡೀ ಮಾರಾಟ. ಹೋಸ್ ಪೈಪು ಹೋಗಿ ಹನಿ ನೀರಿನ ಕೊಳವೆ ಬಂತು, ಅದಕ್ಕೊಂದು ಟೈಮರು. ಟೈಮರಿಗೆ ಗಾಬರಿಯಾಗುವುದಿಲ್ಲ, ಅದೇ ಅದರ ದೋಷ. ನಾನು ಭಾನುವಾರವೂ ಫ್ರೀವೇ ಹಿಡಿದು ಹೋಗಿ ನಲ್ಲಿ ನಿಲ್ಲಿಸಿದ್ದೇನೆಯೇ ಎಂದು ನೋಡಿ ಬರುತ್ತಿದ್ದೆ. ಟೈಮರು ಬಂದ ಮೇಲೆ, ಟೈಮರು ಕೆಟ್ಟಿದೆಯೇ ಎಂದು ನೋಡಲು ಹೋಗುತ್ತಿದ್ದೆ.

ತುಂಗಕ್ಕ ಬಂದದ್ದು ಒಂದು ಚಳಿಗಾಲದ ಶನಿವಾರ. ಇಳಕಲ್ ಸೀರೆ, ಅದರ ಮೇಲೆ ಮಗನ ಸ್ವೆಟರು, ಕಾಲಿಗೆ ಟೆನಿಸ್ ಶೂ. ಮಗ ಗುರುರಾಜ ಅಲ್ಲೇ ಹತ್ತಿರದ ಲ್ಯಾಬಿನಲ್ಲಿ ವಿಜ್ಞಾನಿ, ಫಾಸ್ಟರ್ ಸಿಟಿಯಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದವನು. ಅವನೇ ಕರೆತಂದು ಪರಿಚಯಿಸಿದ. ಅವರು ಕರಂಟ್ ಬೆಂಚಿನ ಮುಂದೆ ನಿಂತು ಗಿಡಕ್ಕೆ ಕಟ್ಟಿದ ಚಿತ್ರವನ್ನು ದಿಟ್ಟಿಸುತ್ತಿದ್ದರು.

"ರಾಯರ, ಇದು ನಮ್ಮ ಕವಳಿ ಇದ್ದಂಗ ಅದಲ್ರಿ?"

ಕವಳಿ ಎಂದರೆ ಉತ್ತರ ಕರ್ನಾಟಕದ ಗುಡ್ಡಗಳಲ್ಲಿ ಬೆಳೆಯುವ ಮುಳ್ಳು ಕಂಟಿಯ ಕಾಯಿ. ಎಳೆಯದಿದ್ದಾಗ ಉಪ್ಪಿನಕಾಯಿ ಹಾಕುತ್ತಾರೆ. ಇದಕ್ಕೂ ಅದಕ್ಕೂ ದೂರದ ನೆಂಟಸ್ತಿಕೆಯೂ ಇಲ್ಲ ಎಂದು ವಿವರಿಸಲು ಬಾಯಿ ತೆರೆದೆ.

"ಅದೆಲ್ಲಾ ಇರಲಿ. ಹುಳಿ ಅದನೋ ಇಲ್ಲೋ, ಅಷ್ಟ ಹೇಳ್ರಿ."

"ಹುಳಿ ಇದೆ ತುಂಗಕ್ಕ. ಹಲ್ಲು ಜುಂ ಅನ್ನತ್ತೆ."

"ಹಂಗಾರ ಒಂದು ಕೊಡ್ರಿ."

ತುಂಗಕ್ಕ ದಸರೆಗೆ ಹುಬ್ಬಳ್ಳಿಯಿಂದ ಬಂದು ಶಿವರಾತ್ರಿ ಆದ ಕೂಡಲೇ ಹೊರಟುಬಿಡುತ್ತಿದ್ದರು. ಬೇಸಿಗೆಯಲ್ಲಿ ಅಲ್ಲಿ ಹಪ್ಪಳ, ಸಂಡಿಗೆ, ಮಾವಿನ ಉಪ್ಪಿನಕಾಯಿ ಆಗಬೇಕು. ತಂಗಿಯರು, ಸೊಸೆಯಂದಿರು, ಓಣಿಯ ಹೆಂಗಸರು ಎಲ್ಲ ಇವರ ಮಾಳಿಗೆಯ ಮೇಲೇ ಸೇರುವುದು. ದಸರೆಗೆ ಬರುವಾಗ ಆ ಡಬ್ಬಿಗಳು ಅವರ ಜೊತೆ ಬಂದು ನಮ್ಮ ನಾಲ್ಕಾರು ಮನೆಗಳಿಗೆ ಹಂಚಿಹೋಗುತ್ತಿದ್ದವು. ಕರಂಟ್ ಹಣ್ಣು ಬಿಡುವುದು ಜೂನಿನಲ್ಲಿ ಎಂದು ನಾನು ಹೇಳಿದೆ.

"ಆಗ ನಾ ಇಲ್ಲಿ ಇರಂಗಿಲ್ಲಲ್ರಿ" ಎಂದು ಆ ಚಿತ್ರವನ್ನು ಮತ್ತೊಮ್ಮೆ ತಿರುಗಿಸಿ ನೋಡಿದರು. "ನೋಡ್ರಿ, ಬರೂ ಮುಂದ ಡಬ್ಬಿ ತುಂಬ್ಕೊಂಡ ಬರತೇನಿ. ಹೋಗೂ ಮುಂದ ಚಾಕ್ಲೇಟ ಪಾಕೀಟ ಒಯ್ತೇನಿ. ಈ ಊರಾಗ ನನ್ನ ಕೈಲೆ ಬೆಳದದ್ದು ಒಂದು ಬಾಟ್ಲಿ ಊರಿಗೆ ಒಯ್ಯಬೇಕಂತ ಆಶಾ ಅದರಿ. ಅಷ್ಟ."

ಆ 'ಅಷ್ಟ'ಕ್ಕೆ ಎಷ್ಟೋ ವರ್ಷ ಹಿಡಿಯಿತು.

ಮೊದಲ ಗಿಡ ಸತ್ತಿತು. ಫಾಸ್ಟರ್ ಸಿಟಿ ಎಂದರೆ ಕೊಲ್ಲಿಗೆ ಮಣ್ಣು ತುಂಬಿ ಮಾಡಿದ ಊರು, ಅಗೆದರೆ ಉಪ್ಪು. ಅದೇ ಊರಿನಲ್ಲಿದ್ದ ನನಗೆ ಅದು ಹೊಳೆಯಲಿಲ್ಲ. ಎರಡನೆಯದನ್ನು ಅರ್ಧ ಕೊಯ್ದ ವೈನ್ ಪೀಪಾಯಿಯಲ್ಲಿ ನೆಟ್ಟೆವು. ಬದುಕಿತು, ದಪ್ಪನಾಯಿತು, ಹಣ್ಣು ಮಾತ್ರ ಇಲ್ಲ. ಮಿಸೆಸ್ ಮೋರಿಟಾರನ್ನು ಕೇಳಿದೆ. "ಚಳಿ ಸಾಲದು. ಬುಡಕ್ಕೆ ಐಸ್ ಹಾಕಲು ಹೇಳು. ಕೆಲವರಿಗೆ ಫಲಿಸಿದೆ, ಕೆಲವರಿಗೆ ಇಲ್ಲ" ಎಂದರು.

ತುಂಗಕ್ಕನಿಗೆ ಹೇಳಿದಾಗ ನನ್ನ ಮುಖವನ್ನೇ ನೋಡಿದರು. "ಚಳಿಗಾಲದಾಗ ಗಿಡಕ್ಕ ಬರ್ಫ ಹಾಕಬೇಕೇನ್ರಿ? ನಿಮಗ ಆರಾಮ ಅದನೋ ಇಲ್ಲೋ?" ಆದರೂ ಹಾಕಿದರು. ದಿನಾ ಬೆಳಗ್ಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಫ್ರಿಜ್ಜಿನಿಂದ ಐಸಿನ ಟ್ರೇ ತೆಗೆದು, ಪೀಪಾಯಿಗೆ ಸುರಿಯುವರು. "ನಮ್ಮನೇಲಿ ಅತಿಥಿಗಳಿಗೆ ಕೋಕು ಬೆಚ್ಚಗೆ ಕೊಡ್ತೀವಿ, ಐಸೆಲ್ಲಾ ಅಮ್ಮನ ಗಿಡಕ್ಕೆ" ಎಂದು ಗುರುರಾಜ ಕೂಟದಲ್ಲಿ ಹೇಳಿ ನಗಿಸುತ್ತಿದ್ದ. ಒಂದು ಚಳಿಗಾಲ ಹೋಯಿತು, ಇನ್ನೊಂದು, ಮತ್ತೊಂದು. ಪ್ರತಿ ಜೂನಿನಲ್ಲಿ ನಾನು ಹೋಗಿ ಎಲೆ ಎತ್ತಿ ನೋಡುವುದು, ಪ್ರತಿ ದಸರೆಗೆ ಅವರು ಬಂದಿಳಿದು ಚಪ್ಪಲಿ ಬಿಡುವ ಮುಂಚೆ ಕೇಳುವುದು: "ಈ ವರ್ಷಾನೂ ಇಲ್ರೀ?"

ನನಗೋ ಬೇರೆ ಭಯಗಳು. ಗೊಬ್ಬರ ಹೆಚ್ಚಾಯಿತೆ? ನೀರಿನಲ್ಲಿ ಕ್ಲೋರಿನ್ನೆ? ನರ್ಸರಿಯಲ್ಲಿ ಬಿಡುವಾದಾಗಲೆಲ್ಲ ಮಿಸೆಸ್ ಮೋರಿಟಾರನ್ನು ಪೀಡಿಸುತ್ತಿದ್ದೆ. ಅವರು ಒಂದು ದಿನ, "ನೀನು ಗಿಡವನ್ನು ಯಾವಾಗಲೂ ಬೆಳಗ್ಗೆ ನೋಡುತ್ತೀಯ. ಒಂದು ಸಲ ಸಂಜೆ ಹೋಗು" ಎಂದರು. ಯಾಕೆಂದು ಹೇಳಲಿಲ್ಲ. ಅವರಿಗೆ ಏನು ಹೊಳೆದಿತ್ತೋ ನನಗೆ ಇಂದಿಗೂ ತಿಳಿಯದು. ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಹೇಳಿದ್ದರೂ ಇರಬಹುದು.

ಡಿಸೆಂಬರಿನ ಒಂದು ಸಂಜೆ ಕೆಲಸದಿಂದ ಬರುವಾಗ ಹಾಗೇ ಗುರುರಾಜನ ಹಿತ್ತಲಿಗೆ ಹೋದೆ. ಪೀಪಾಯಿ ಕಾಣಲಿಲ್ಲ. ಅದು ಇದ್ದ ಜಾಗದಲ್ಲಿ ಯಾರೋ ಮುದುಕಿ ಮುದುಡಿ ಕೂತ ಹಾಗಿತ್ತು. ಹತ್ತಿರ ಹೋದರೆ ಕೌದಿ. ಹಳೇ ಸೀರೆಗಳ ತುಂಡು ಸೇರಿಸಿ ಹೊಲಿದ ಹುಬ್ಬಳ್ಳಿಯ ಕೌದಿ, ಗಿಡದ ತಲೆಯಿಂದ ಪೀಪಾಯಿಯ ಬುಡದವರೆಗೆ ಹೊದಿಸಿ, ನಡುವಿಗೆ ಗುರುರಾಜನ ಮಫ್ಲರ್ ಬಿಗಿದಿತ್ತು.

"ತುಂಗಕ್ಕಾ! ಇದೇನಿದು?"

ಅವರು ಬಾಗಿಲು ಸರಿಸಿ ಹೊರಗೆ ಬಂದರು. "ರಾತ್ರಿ ಥಂಡಿ ಬೀಳತದಲ್ರಿ. ಹೊಚ್ಚೇನಿ."

"ಯಾವತ್ತಿಂದ?"

"ಮೊದಲಿಂದ್ಲೂ. ಮುಂಜಾನೆ ನೀವು ಹೇಳಿದಂಗ ಬರ್ಫ ಹಾಕತೇನಿ. ಹಂಗ ಬಿಟ್ಟರ ಅದಕ್ಕ ನೆಗಡಿ ಆಗಂಗಿಲ್ಲೇನ್ರಿ? ಸಂಜೀಕ ಹೊಚ್ಚಿಬಿಡತೇನಿ."

ನಾನು ಪೀಪಾಯಿಯ ಅಂಚಿನ ಮೇಲೆ ಕೂತು ನಕ್ಕೆ. ನಗುತ್ತ ನಗುತ್ತ ಅವರ ಮುಖ ನೋಡಿ ನಿಲ್ಲಿಸಿದೆ. ರಾತ್ರಿಯ ಚಳಿಯೇ ಅದಕ್ಕೆ ಬೇಕಾದದ್ದು, ಅದನ್ನು ನಾವು ಕೊಡುತ್ತಲೇ ಇಲ್ಲ ಎಂದು ಆದಷ್ಟು ಮೆತ್ತಗೆ ಹೇಳಿದೆ. ಅವರು ಮಫ್ಲರ್ ಬಿಚ್ಚಿದರು, ಕೌದಿ ತೆಗೆದು ಮಡಚಿ ಎದೆಗೆ ಒತ್ತಿ ಹಿಡಿದುಕೊಂಡರು. ಬೋಳು ಕಡ್ಡಿಗಳು ಗಾಳಿಗೆ ಅಲ್ಲಾಡಿದವು.

"ನೋಡ್ಲಿಕ್ಕೆ ಆಗವಲ್ದರೀ" ಎಂದರು. "ಹಣ್ಣಿನ ಸಲುವಾಗಿ ಇಷ್ಟ ಗೋಳು ಹೊಯ್ಕೋಬೇಕೇನ್ರಿ?"

"ನೀವು ಬೇಡ ಅಂದ್ರೆ ಹೊಚ್ಚಿಬಿಡೋಣ."

ಅವರು ಕಡ್ಡಿಯೊಂದನ್ನು ನೇವರಿಸಿ, ಕೌದಿ ಒಳಗೆ ಒಯ್ದರು. ಆ ಚಳಿಗಾಲ ಪೂರ್ತಿ ಅವರು ಸಂಜೆಯಾದ ಮೇಲೆ ಹಿತ್ತಲ ಕಡೆಯ ಪರದೆ ಎಳೆದುಬಿಡುತ್ತಿದ್ದರಂತೆ, ಗಿಡ ಕಾಣಬಾರದೆಂದು. ಶಿವರಾತ್ರಿ ಆಯಿತು, ಹೊರಟುಹೋದರು.

ಏಪ್ರಿಲ್‌ನಲ್ಲಿ ಹಸಿರು ಹೂವು. ಮೇ ಕೊನೆಗೆ ಗೊಂಚಲು. ಕೌದಿ ತೆಗೆದದ್ದಕ್ಕೋ, ಆ ವರ್ಷ ಚಳಿ ಜೋರಿದ್ದದ್ದಕ್ಕೋ, ಹಳೇ ಕೊಂಬೆ ಈಗ ತಾನೇ ಹಣ್ಣಿಗೆ ಬಂದದ್ದಕ್ಕೋ, ನಾನು ಪ್ರಮಾಣ ಮಾಡಲಾರೆ. ಗುರುರಾಜನ ಮನೆಯಿಂದಲೇ ಹುಬ್ಬಳ್ಳಿಗೆ ಫೋನು ಮಾಡಿದೆವು. ಅವರ ಮನೆಗೆ ಫೋನಿರಲಿಲ್ಲ. ಪಕ್ಕದ ಮನೆಯವರು ಓಡಿಹೋಗಿ ಮಾಳಿಗೆಯ ಮೇಲಿನಿಂದ ಕರೆತಂದರು.

"ತುಂಗಕ್ಕಾ, ಬಿಟ್ಟಿದೆ! ಕಾಯಿ ಬಿಟ್ಟಿದೆ!" ಎಂದು ಕಿರುಚಿದೆ.

ಆ ಕಡೆ ಗರಗರ ಸದ್ದು. ಲೈನು ಕಡಿಯಿತೆ ಎಂದು ನನಗೆ ಬೆವರಿತು. ಆಮೇಲೆ ಅವರ ದನಿ ಬಂತು. "ಕೈಯೆಲ್ಲಾ ಹಪ್ಪಳದ ಹಿಟ್ಟಾಗೇದ್ರಿ, ರಿಸೀವರಿಗೆ ಮೆತ್ತೇದ. ರಾಯರ, ಕೆಂಪ ಆಗೂದರೊಳಗ ಕಿತ್ತಬಿಡ್ರಿ. ಹಣ್ಣಾದರ ಉಪ್ಪಿನಕಾಯಿಗೆ ಬರಂಗಿಲ್ಲ. ಉಪ್ಪಿನಾಗ ಎರಡ ದಿನಾ ಇಡ್ರಿ, ಸಾಸಿವಿ ಕುಟ್ಟಿ ಹಾಕ್ರಿ, ಮೆಂತ್ಯ ಹುರದ ಹಾಕ್ರಿ, ನೀರ ತಾಕಸಬ್ಯಾಡ್ರಿ..."

ನಾನು ಎಷ್ಟೋ ವರ್ಷದಿಂದ ಕಾದದ್ದು ಆ ಕೆಂಪಿಗೆ. ಮಾರುವ ಗಿಡಗಳಿಗೆ ಕಟ್ಟಿದ ಚಿತ್ರದಲ್ಲಿ ಬಿಟ್ಟರೆ ಆ ಬಣ್ಣವನ್ನು ನಾನೂ ಗಿಡದ ಮೇಲೆ ಕಂಡವನಲ್ಲ. ನರ್ಸರಿಯಲ್ಲಿ ಹಕ್ಕಿಗಳು ಮಾಗಲು ಬಿಡುತ್ತಿರಲಿಲ್ಲ. ಗೊಂಚಲ ಮುಂದೆ ಬಟ್ಟಲು ಹಿಡಿದು ನಿಂತು, ಇನ್ನೆರಡು ವಾರ ಬಿಟ್ಟರೆ ಎಂದು ಯೋಚಿಸಿದೆ. ಹಾಗೆ ಬಿಟ್ಟರೆ ತುಂಗಕ್ಕನಿಗೆ ಬಾಟ್ಲಿ ಇಲ್ಲ. ಹಸಿರಿದ್ದಾಗಲೇ ಕಿತ್ತೆ. ಒಂದೇ ಒಂದು ಗೊಂಚಲು ಉಳಿಸಿ, ನಳಿನಿಯ ಹಳೇ ಸಾಕ್ಸು ಹಾಕಿ ಕಟ್ಟಿದೆ, ಹಕ್ಕಿ ಮುಟ್ಟದ ಹಾಗೆ.

ಅದೇ ಬೇಸಿಗೆ ನರ್ಸರಿ ಮುಚ್ಚಿತು. ಗುಡ್ಡದ ಕೆಳಗೆಲ್ಲ ಲ್ಯಾಬುಗಳು ಬಂದಿದ್ದವು. ಜಾಗ ಕಾರು ನಿಲ್ಲಿಸಲು ಬೇಕಾಯಿತು. ಮಿಸೆಸ್ ಮೋರಿಟಾರಿಗೂ ಸಾಕಾಗಿತ್ತು. ಐವತ್ತು ದಾಟಿ, ಮೂಟೆ ಎತ್ತಲಾಗದ ಬೆನ್ನಿನವನಿಗೆ ಬೇರೆ ಕಡೆ ಯಾರೂ ಕೆಲಸ ಕೊಡಲಿಲ್ಲ. ನಾನು ನಿವೃತ್ತನಾದದ್ದು ಹೀಗೆ. ಹಾರ, ಶಾಲು ಏನೂ ಇರಲಿಲ್ಲ. ಕೊನೆಯ ದಿನ ಸಾಕ್ಸು ಬಿಚ್ಚಿ, ಆ ಗೊಂಚಲನ್ನು ಸಾಸರಿನಲ್ಲಿ ಇಟ್ಟು, ಕಾರಿನಲ್ಲಿ ಅಲ್ಲಾಡದ ಹಾಗೆ ಹಿಡಿದು ಒಯ್ದೆ. ಖಾಲಿ ಬೆಂಚುಗಳ ನಡುವೆ ಮಿಸೆಸ್ ಮೋರಿಟಾ ಹಳೇ ಹೋಸ್ ಪೈಪು ಸುತ್ತುತ್ತಿದ್ದರು.

ಒಂದು ಹಣ್ಣು ಬಿಡಿಸಿ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಹುಳಿಗೋ ಏನೋ.

"ಸಂಜೆ ಹೋಗಿದ್ದೆಯಾ?" ಎಂದರು.

"ಹೋಗಿದ್ದೆ."

"ಒಳ್ಳೇದು." ಉಳಿದದ್ದನ್ನು ನನ್ನ ಕಡೆ ತಳ್ಳಿದರು. "ಹೆಂಡತಿಗೆ ಕೊಡು."

ನಳಿನಿ ನಿಂತಲ್ಲೇ ಒಂದೊಂದಾಗಿ ತಿಂದು, ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, "ಇದಕ್ಕೇನಾ ಇಷ್ಟು ವರ್ಷ ನಿದ್ದೆ ಕೆಡಿಸಿಕೊಂಡಿದ್ದು? ಇನ್ನೂ ಇದೆಯಾ?" ಎಂದಳು.

ದಸರೆಗೆ ತುಂಗಕ್ಕ ಬಂದರು. ಈ ಸಲ ಅವರ ಡಬ್ಬಿಗಳ ನಡುವೆ ನನಗಾಗಿ ನಿಜವಾದ ಕವಳಿಕಾಯಿಯ ಉಪ್ಪಿನಕಾಯಿ ಇತ್ತು. ನನ್ನ ಬಾಟ್ಲಿ ನಾನು ಮುಂದಿಟ್ಟೆ. ಬೆರಳ ತುದಿಯಲ್ಲಿ ತೆಗೆದು ನೆಕ್ಕಿದರು.

"ಇದು ಕವಳಿ ಅಲ್ಲ ಬಿಡ್ರಿ" ಎಂದರು. ಇನ್ನೊಂದು ಕಾಳು ತೆಗೆದುಕೊಂಡರು. "ಉಪ್ಪ ಕಡಿಮಿ ಆಗೇದ." ಮತ್ತೊಂದು. ಆಮೇಲೆ ಮುಚ್ಚಳ ಬಿಗಿ ಮಾಡಿ, ಸೆರಗಿನಿಂದ ಬಾಟ್ಲಿ ಒರೆಸಿ, ಪಕ್ಕಕ್ಕೆ ಇಟ್ಟುಕೊಂಡರು. "ಯಾರೂ ಮುಟ್ಟಬ್ಯಾಡ್ರಿ. ಇದು ಹುಬ್ಬಳ್ಳಿಗೆ ಹೋಗತದ."

ಶಿವರಾತ್ರಿ ಆದ ಮೇಲೆ ಅದು ಹೋಯಿತು, ಸೀರೆಗಳ ನಡುವೆ. ಹೋಗುವ ಮುನ್ನ ಮಗನಿಗೆ, "ನೀವೆಲ್ಲಾ ಆಫೀಸಿಗೆ ಹೋಗೋರು. ರಾಯರು ಈಗ ಮನ್ಯಾಗ ಖಾಲಿ ಇರತಾರ. ಗಿಡಾ ಅಲ್ಲಿರಲಿ" ಎಂದು ಹೇಳಿ ಪೀಪಾಯಿಯನ್ನು ನಮ್ಮ ಮನೆಗೆ ಸಾಗಿಸಿದರು. ಜೊತೆಗೆ ಕೌದಿಯೂ ಬಂತು. ಏಪ್ರಿಲ್‌ನಲ್ಲಿ ಪಕ್ಕದ ಮನೆಯಿಂದ ಅವರದೇ ಫೋನು: "ಖಾಲಿ ಆತ್ರಿ. ಹಪ್ಪಳಾ ಮಾಡ್ಲಿಕ್ಕೆ ಬಂದವರೆಲ್ಲಾ ನೆಕ್ಕಿ ನೆಕ್ಕಿ ಮುಗಿಸ್ಯಾರ. ಅಮೇರಿಕಾದ ಕವಳಿ ಅಂತ ಓಣಿ ತುಂಬ ಹೆಸರಾಗೇದ. ಮುಂದ ಜಾಸ್ತಿ ಹಾಕ್ರಿ."

ಈ ಬೇಸಿಗೆ ಜಾಸ್ತಿ ಹಾಕಿದೆ, ಉಪ್ಪೂ ಸರಿ ಇದೆ. ದಸರೆ ಬಂತು, ತುಂಗಕ್ಕ ಬರಲಿಲ್ಲ. ಮೊಣಕಾಲು ಮಡಚಲಾಗುತ್ತಿಲ್ಲ, ಅಷ್ಟು ಹೊತ್ತು ವಿಮಾನದಲ್ಲಿ ಕೂರುವುದು ಬೇಡ ಎಂದಿದ್ದಾರಂತೆ ಡಾಕ್ಟರು. ಬಾಟ್ಲಿಗಳು ಫ್ರಿಜ್ಜಿನಲ್ಲಿವೆ. ಐಸು ನಾನೇ ಹಾಕುತ್ತೇನೆ. ಬೆಳಗ್ಗೆ ಎದ್ದು ಹೋಗಲು ಬೇರೆ ಎಲ್ಲೂ ಇಲ್ಲವಲ್ಲ. ಟ್ರೇ ಹಿಡಿದು ಹಿತ್ತಲಿಗೆ ಇಳಿದಾಗ ಆ ಗುಡ್ಡದ ಮಂಜು, ಆ ಒದ್ದೆ ಹೊಟ್ಟು, ಪೈಪು ಎಳೆಯುವ ಸದ್ದು, ಎಲ್ಲ ಒಂದು ಕ್ಷಣ ಹತ್ತಿರ ಬಂದು ಹೋಗುತ್ತದೆ.

ಬರೆಯುತ್ತ ಬರೆಯುತ್ತ ಡಿಸೆಂಬರ್ ಬಂದಿದೆ. ಇವತ್ತು ಸಂಜೆ ಹೀಗೇ ಬರೆಯುತ್ತ ಕೂತಿದ್ದಾಗ ಫೋನು ಬಂತು.

"ರಾಯರ, ಥಂಡಿ ಭಾಳ ಅದನ್ರಿ ಅಲ್ಲಿ?"

"ಇದೆ ತುಂಗಕ್ಕ. ಈ ವರ್ಷ ಜೋರು."

"ಹೊಚ್ಚಿಲ್ಲಲಾ?"

ಕೌದಿ ನನ್ನ ಮೊಣಕಾಲ ಮೇಲಿತ್ತು. ಗಾಜಿನ ಬಾಗಿಲ ಆಚೆ ಗಿಡ ಬೋಳಾಗಿ ನಿಂತಿತ್ತು.

"ಇಲ್ಲ ತುಂಗಕ್ಕ. ಹೊಚ್ಚಿಲ್ಲ."



"ಪಾಪ" ಎಂದರು. ಫೋನು ಇಡಲಿಲ್ಲ. ನಾನೂ ಇಡಲಿಲ್ಲ.